ಬೀದಿಯ ನೂಲಿನ ನಡುವೆ ಬೈಕು ಓಡಿಸಿದ್ದು

ನಾನು ನಿವೃತ್ತ. ನಗಬೇಡಿ. ವಯಸ್ಸು ಇನ್ನೂ ಮೂವತ್ತು ತುಂಬಿಲ್ಲ, ತಲೆಯ ಮೇಲೆ ಕೂದಲಿದೆ, ಬಾಯಲ್ಲಿ ಹಲ್ಲಿದೆ. ಆದರೂ ಬೈಕಿನ ಕೆಲಸ ಬಿಟ್ಟ ದಿನ ನಮ್ಮ ಮೊದಲಾಳಿ, ಅಂದರೆ ಧಣಿ, ನನ್ನ ಹೆಗಲಿಗೆ ಒಂದು ಟವೆಲ್ ಹೊದಿಸಿ, ನಶ್ಯ ಏರಿಸಿದ ಮೂಗಿನಿಂದಲೇ "ಸೀನಾ, ಇವತ್ತಿಂದ ನೀನು ರಿಟೈರ್ಡು" ಎಂದು ಘೋಷಿಸಿದರು. ಸರ್ಕಾರಿ ನೌಕರರಿಗೆ ಶಾಲು, ನನಗೆ ಟವೆಲ್ಲು. ಅದೂ ಅಂಚು ಹರಿದದ್ದು.

ಈಗ ನಮ್ಮ ಬೀದಿಯ ಹುಡುಗರು ಬೇರೆ ಮೊದಲಾಳಿಗಳ ಹತ್ತಿರ ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. "ಅಣ್ಣಾ, ಎಂಗಿರ್ತೈತೆ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ನಾನು ಯಾರದ್ದಾದರೂ ದನಿ ಮಾಡಿ ನಗಿಸಿಬಿಡುತ್ತೇನೆ, ಅವರು ನಕ್ಕು ಎದ್ದು ಹೋಗುತ್ತಾರೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಮಿಮಿಕ್ರಿ ಸ್ವಲ್ಪ ಕಷ್ಟ.

ಕೆಲಸ ಇಷ್ಟೇ. ಮೊದಲಾಳಿಯ ನೂಲಂಗಡಿ ತಮಿಳುನಾಡಿನ ಸೇಲಮ್ಮಿನಲ್ಲಿ. ಅವರ ನೂಲು ನೇಯುವ ಮಗ್ಗಗಳು ತೊಪ್ಪೂರು ಘಾಟಿಯ ಆಚೆ, ಅದಿಯಮಾನ್‌ಕೋಟೆಯ ಸುತ್ತಮುತ್ತ. ಬೆಳಿಗ್ಗೆ ಬೈಕಿನ ಎರಡೂ ಪಕ್ಕಕ್ಕೆ ನೂಲಿನ ಗಂಟು ಕಟ್ಟಿಕೊಂಡು ಹೋಗಬೇಕು, ಮಗ್ಗಗಳಿಗೆ ಹಂಚಬೇಕು, ಸಂಜೆ ನೇಯ್ದ ಪಂಚೆಗಳನ್ನು ಕಟ್ಟಿಕೊಂಡು ವಾಪಸು ಬರಬೇಕು. ಬೈಕು ಮೊದಲಾಳಿಯದು, ಬೆನ್ನುನೋವು ನನ್ನದು.

ಈ ಕೆಲಸದಲ್ಲಿ ನಾನು ತಲೆ ಕೆಡಿಸಿಕೊಂಡದ್ದೆಲ್ಲ ಒಂದೇ ಪ್ರಶ್ನೆಗೆ: ಎರಡು ಸಾಲಿನ ನಡುವೆ ಸಂದು ಕಂಡರೆ ಬೈಕಿನವನು ನುಗ್ಗಬಹುದೋ ಬಾರದೋ? ಬಸ್ಸಿನ ಸಾಲಾದರೆ ಅದು ಪೊಲೀಸರ ತಲೆನೋವು. ಆದರೆ ಕೊನೆಗೆ ಈ ಪ್ರಶ್ನೆ ನಮ್ಮ ಬೀದಿಗೇ ಬಂತು. ನುಗ್ಗಬಹುದು ಎಂದರೆ ನನ್ನ ಕೆಲಸ ಉಳಿಯುತ್ತಿತ್ತು. ಬಾರದು ಎಂದರೆ ನನ್ನ ಚಿಕ್ಕಪ್ಪನ ಕೆಲಸ ಉಳಿಯುತ್ತಿತ್ತು. ಏನಾಯಿತು ಎಂದು ಹೇಳುತ್ತೇನೆ. ಯಾರು ಸರಿ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಹಳ ಮರ್ಯಾದಸ್ಥ. ಬಸ್ಸು ನಿಂತರೆ ಅದರ ಹಿಂದೆ ನಿಲ್ಲುತ್ತಿದ್ದೆ, ಅದು ಬಿಟ್ಟ ಹೊಗೆಯನ್ನೆಲ್ಲ ಕುಡಿದು ಅದರ ಹಿಂದೆಯೇ ಹೊರಡುತ್ತಿದ್ದೆ. ಒಂದು ವಾರ ತಡವಾಗಿ ತಲುಪಿದ ಮೇಲೆ ಮೊದಲಾಳಿ ಕರೆಸಿದರು.

"ಯಾಕ್ಲಾ ಲೇಟು?"

"ಬಸ್ ಸ್ಟ್ಯಾಂಡ್ ತಾವ ಒಂದೇ ನೆರಿಸಲು ಮೊದಲಾಳಿ, ಗಾಡಿಗೆ ಗಾಡಿ ಅಂಟ್ಕೊಂಡಿತ್ತು. ಬಸ್ಸಿನ ಇಂದೆ ನಿಂತಿದ್ದೆ."

ಅವರು ನಶ್ಯದ ಡಬ್ಬಿಯನ್ನು ಟಪ್ಪೆಂದು ಮುಚ್ಚಿದರು. "ಬಸ್ಸಿನ ಇಂದೆ ನಿಂತ್ಕೊಳ್ಳಾಕೆ ನಿಂಗೆ ಬೈಕ್ ಯಾಕ್ಲಾ? ಟಿಕೆಟ್ ತೆಕ್ಕೊಡ್ತೀನಿ, ಬಸ್ಸಿನ ಒಳ್ಗೇ ಕೂತ್ಕೊಂಡು ಓಗು. ಸಂದು ಕಂಡ್ರೆ ಸಾಮಿ ಬಾಗ್ಲು ತೆಗ್ದವ್ನೆ ಅಂತ ಅರ್ಥ."

ಸಾಮಿ ಬಾಗಿಲು ತೆಗೆದರೆ ನಾವು ಹೋಗದಿರಲು ಆಗುತ್ತದೆಯೇ? ಮರುದಿನವೇ ಎರಡು ಟೌನ್ ಬಸ್ಸುಗಳ ನಡುವೆ ಬಾಗಿಲು ತೆರೆದಿತ್ತು. ನುಗ್ಗಿದೆ. ಹ್ಯಾಂಡಲ್ ಸಲೀಸಾಗಿ ಹೋಯಿತು. ಗಂಟು ಹೋಗಲಿಲ್ಲ. ಹುಡುಗರೇ, ಇದನ್ನು ಚೆನ್ನಾಗಿ ನೆನಪಿಡಿ: ನಮ್ಮ ಬೈಕಿನ ಅಗಲ ನಮ್ಮ ಕಣ್ಣ ಮುಂದೆ ಇರುವುದಿಲ್ಲ, ಬೆನ್ನ ಹಿಂದೆ ಇರುತ್ತದೆ. ಬಲಗಡೆಯ ಗಂಟು ಒಂದು ಬಸ್ಸಿಗೆ, ಎಡಗಡೆಯದು ಇನ್ನೊಂದು ಬಸ್ಸಿಗೆ ಒತ್ತಿಕೊಂಡು ನಿಂತವು. ಅಷ್ಟರಲ್ಲಿ ಎರಡೂ ಬಸ್ಸು ಹೊರಟವು. ನಾನು ಗೇರು ಹಾಕಲಿಲ್ಲ, ಆಕ್ಸಿಲರೇಟರ್ ಮುಟ್ಟಲಿಲ್ಲ, ಆದರೂ ಹೋಗುತ್ತಿದ್ದೆ. ಮದುವೆ ಹೆಣ್ಣನ್ನು ಸೋದರತ್ತೆಯರು ಎರಡೂ ಕಡೆ ತೋಳು ಹಿಡಿದು ಮಂಟಪಕ್ಕೆ ಕರೆದೊಯ್ಯುತ್ತಾರಲ್ಲ, ಹಾಗೆ. ಕಣ್ಣು ಕೂಡ ನೆಲದ ಮೇಲೇ ಇತ್ತು.

ಕಿಟಕಿಯಿಂದ ಕಂಡಕ್ಟರ್ ತಲೆ ಹೊರಹಾಕಿ ತಮಿಳಿನಲ್ಲಿ ಕೇಳಿದ: "ತಂಬಿ, ಟಿಕೆಟ್ ಎಡುತ್ತಿಟ್ಟಿಯಾ?" ತಮ್ಮಾ, ಟಿಕೆಟ್ ತಗೊಂಡ್ಯಾ?

ಟ್ರಾಫಿಕ್ ಪೊಲೀಸಿನವರು ಸೀಟಿ ಊದಿ ಎರಡೂ ಬಸ್ಸು ನಿಲ್ಲಿಸಿ ನನ್ನನ್ನು ಹಿಂದಕ್ಕೆ ಎಳೆಸಿದರು. ಹೊಟ್ಟೆಯಿಂದ ಹೊರಟು ಮೀಸೆಯಲ್ಲಿ ಸೋಸಿ ಬರುವ ದನಿ ಅವರದು. "ಸಂದುಲ ಉನ್ನ ಯಾರುಡಾ ಪೋಗಚ್ಚೊನ್ನದು?" ಸಂದಿನಲ್ಲಿ ಹೋಗು ಎಂದು ನಿನಗೆ ಯಾರೋ ಹೇಳಿದ್ದು? ಸಾಮಿ ಎನ್ನಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಮುಂದಿನ ವಾರ ಅದೇ ಜಾಗ, ಅದೇ ಪೊಲೀಸು, ನಾನು ಬಸ್ಸಿನ ಹಿಂದೆ ಪಾಠ ಕಲಿತ ಮಗುವಿನಂತೆ ನಿಂತಿದ್ದೇನೆ. ಹಿಂದಿನಿಂದ ವಾಹನಗಳು ಹಾರ್ನ್ ಹೊಡೆಯುತ್ತಿವೆ. ಅವರು ಬಂದವರೇ ನನ್ನ ಹೆಲ್ಮೆಟ್ಟಿಗೆ ಲಾಠಿಯಿಂದ ಟೊಕ್ಕೆಂದು ಹೊಡೆದರು. "ಎನ್ನಡಾ ತೂಂಗುರೆ? ಸಂದುಲ ಪೋ!" ಏನೋ ನಿದ್ದೆ ಮಾಡ್ತಿದ್ದೀಯಾ, ಸಂದಿನಲ್ಲಿ ಹೋಗು!

"ಸಾರ್, ಪೋನ ವಾರಂ ನೀಂಗದಾನೆ..." ಹೋದ ವಾರ ನೀವೇ ಅಲ್ಲವೇ ಎಂದು ಶುರು ಮಾಡಿದೆ.

"ಅದು ಪೋನ ವಾರಂ" ಎಂದರು.

ಕಾನೂನಿನ ಬಗ್ಗೆ ನಾನು ಪಡೆದ ಒಟ್ಟು ಶಿಕ್ಷಣ ಇಷ್ಟು. ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಗಂಟುಗಳ ಅಗಲಕ್ಕೆ ಸರಿಯಾಗಿ ಒಂದು ಬಿದಿರು ಕಡ್ಡಿ ಕಡಿದು ಹೆಡ್‌ಲೈಟಿನ ಕೆಳಗೆ ಅಡ್ಡ ಕಟ್ಟಿದೆ. ಬೆಕ್ಕಿಗೆ ಮೀಸೆ ಇರುವಂತೆ. ಕಡ್ಡಿ ಹೋದರೆ ಗಂಟು ಹೋಗುತ್ತದೆ, ಕಡ್ಡಿ ತಾಗಿದರೆ ನಿಲ್ಲು. ಊರೆಲ್ಲ "ಪೂನೆ ಬೈಕು", ಬೆಕ್ಕಿನ ಬೈಕು, ಎಂದು ನಕ್ಕರು. ನಕ್ಕವರಲ್ಲಿ ಇಬ್ಬರು ಆಮೇಲೆ ತಮ್ಮ ಬೈಕಿಗೂ ಕಟ್ಟಿಕೊಂಡರು.

ಹಾಗಾದರೆ ಸಂದು ಕೆಟ್ಟದ್ದು, ಹಿಂದೆ ನಿಲ್ಲುವುದೇ ಒಳ್ಳೆಯದು ಎನ್ನೋಣವೇ? ತೊಪ್ಪೂರು ಘಾಟಿಗೆ ಬನ್ನಿ. ಅಲ್ಲಿ ಲಾರಿಗಳು ಎರಡು ಸಾಲಾಗಿ ನರಳುತ್ತಾ ಹತ್ತುತ್ತವೆ. ಪ್ರತಿ ಲಾರಿಯ ಹಿಂಚಕ್ರದ ಪಕ್ಕ ಕ್ಲೀನರ್ ಒಬ್ಬ ಮರದ ದಿಮ್ಮಿ ಹಿಡಿದು ನಡೆಯುತ್ತಿರುತ್ತಾನೆ; ಲಾರಿ ಹಿಂದಕ್ಕೆ ಜಾರಿದರೆ ಚಕ್ರದಡಿ ಒಡ್ಡಲು. ಒಂದು ದಿನ ಮೋಡ ಕವಿದು ರಸ್ತೆ ತೇವವಾಗಿತ್ತು. ನಾನು ಬುದ್ಧಿವಂತನಂತೆ ಟೊಮೇಟೊ ಲಾರಿಯೊಂದರ ಹಿಂದೆ ಕಾಲೂರಿ ನಿಂತಿದ್ದೆ. ಕ್ಲೀನರ್ ಪಾಲಕೋಡಿನ ಕಡೆಯವನು, ನಮ್ಮ ಮಾತಿನವನೇ. ನನ್ನನ್ನು ನೋಡಿ ಕೂಗಿದ:

"ಲೇ, ಅಲ್ಲಿ ನಿಂತ್ಕೋಬ್ಯಾಡ್ಲಾ! ಸಂದಿಗೆ ಬಾ, ಸಂದಿಗೆ!"

"ಸಂದಿಗೆ ಬಂದ್ರೆ ಪೊಲೀಸು..."

"ಪೊಲೀಸು ಕೆಳ್ಗವ್ನೆ, ಲಾರಿ ಮೇಲೈತೆ. ಬಾರ್ಲಾ!"

ಪಕ್ಕಕ್ಕೆ ನುಗ್ಗಿದೆ. ಲಾರಿ ಒಮ್ಮೆ ಕೆಮ್ಮಿ ಹಿಂದಕ್ಕೆ ಜಾರಿತು. ಆತ ದಿಮ್ಮಿ ಒಡ್ಡಿದ. ಲಾರಿ ನಿಂತಾಗ ಅದರ ಹಿಂಬದಿ ನಾನು ಮೊದಲು ನಿಂತಿದ್ದ ಜಾಗದ ಮೇಲಿತ್ತು. ಒಂದು ಪೆಟ್ಟಿಗೆ ಕೆಳಗೆ ಬಿದ್ದು ಟೊಮೇಟೊ ಒಡೆದು ಹರಡಿತ್ತು. ಅವನು ಆ ಕೆಂಪನ್ನು ತೋರಿಸಿ, "ನೋಡ್ಕೋ, ನಿನ್ ಪೋಟೋ" ಎಂದ. ಅವತ್ತು ಅದಿಯಮಾನ್‌ಕೋಟೆ ತಲುಪುವವರೆಗೂ ನನಗೆ ಯಾರ ದನಿಯೂ ಮಾಡಲು ಬರಲಿಲ್ಲ.

ಹೀಗೆ ಕೆಳಗೊಂದು ಪಾಠ, ಮೇಲೊಂದು ಪಾಠ. ಇದರ ನಡುವೆ ನಮ್ಮ ಬೀದಿ.

ನಮ್ಮದು ಸೇಲಮ್ಮಿನ ಕನ್ನಡದ ನೇಕಾರರ ಬೀದಿ. ಬೆಳಕು ಹರಿಯುವ ಹೊತ್ತಿಗೆ ಬೀದಿಯ ಉದ್ದಕ್ಕೂ ಪಾವು ಹಾಸುತ್ತಾರೆ. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದ ನೂಲು. ಈ ತುದಿಯ ಕಂಬದಿಂದ ಆ ತುದಿಯ ಕಂಬದವರೆಗೆ ಸೊಂಟದೆತ್ತರಕ್ಕೆ ಬಿಗಿದು, ನಡುನಡುವೆ ಬಿದಿರಿನ ಕತ್ತರಿಗಾಲು ಕೊಟ್ಟು, ಗಂಜಿ ಚಿಮುಕಿಸಿ, ದೊಡ್ಡ ಕುಂಚದಿಂದ ಉಜ್ಜುತ್ತಾ ಹೋಗಬೇಕು. ಗಂಜಿ ಒಣಗುವವರೆಗೂ ಕುಂಚ ನಿಲ್ಲಬಾರದು. ನಿಂತರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಈ ಕೆಲಸದ ಗುಂಪಿಗೆ ನನ್ನ ಚಿಕ್ಕಪ್ಪನೇ ಮುಂದಾಳು. ಹರಿದ ಎಳೆಗೆ ಗಂಟು ಹಾಕುವವಳು ತಾಯಮ್ಮಕ್ಕ. ಆಕೆಯ ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಬೀದಿಯಲ್ಲಿ ಎರಡು ಪಾವು ಅಕ್ಕಪಕ್ಕ ಬೀಳುತ್ತಿದ್ದವು. ಎರಡೂ ಬದಿಯಲ್ಲಿ ಚರಂಡಿ, ಮೆಟ್ಟಿಲು, ನೀರಿನ ಕೊಡ. ಹೋಗುವುದಿದ್ದರೆ ಎರಡು ಪಾವಿನ ನಡುವಿನ ಸಂದೇ. ನನ್ನ ಕಡ್ಡಿ ಅದರಲ್ಲಿ ಸರಿಯಾಗಿ ಹಿಡಿಸುತ್ತಿತ್ತು. ಘಾಟಿಯ ರಸ್ತೆಗೆ ನಮ್ಮ ಬೀದಿ ಬಿಟ್ಟು ಬಳಸು ದಾರಿಯಲ್ಲೂ ಹೋಗಬಹುದಿತ್ತು, ಆದರೆ ಆ ಕಡೆ ರೈಲ್ವೆ ಗೇಟು. ಆ ಗೇಟು ಮುಚ್ಚಿತೆಂದರೆ ಗೇಟಿನವನಿಗೇ ತೆಗೆಯುವುದು ಮರೆತುಹೋಗಿದೆಯೇನೋ ಅನ್ನಿಸುತ್ತಿತ್ತು. ಅಲ್ಲಿ ತಡವಾದರೆ ಘಾಟಿಯ ಮೇಲೆ ಲಾರಿ ಗಿಜಿಗಿಜಿ, ಅದನ್ನು ದಾಟಿ ಹೋಗುವಷ್ಟರಲ್ಲಿ ಆಚೆಯ ಮಗ್ಗಗಳು ನೂಲಿಲ್ಲದೆ ನಿಂತಿರುತ್ತಿದ್ದವು. ಆದ್ದರಿಂದ ನಾನು ಸಂದಿನಲ್ಲೇ ಹೋಗುತ್ತಿದ್ದೆ.

ನಾನು ಹೋದದ್ದು ನೋಡಿ ಹಾಲಿನ ಕುಪ್ಪಣ್ಣ ಮೊಪೆಡ್ಡಿನಲ್ಲಿ ಕ್ಯಾನು ಕಟ್ಟಿಕೊಂಡು ಬಂದ. ಅವನನ್ನು ನೋಡಿ ಇನ್ಶೂರೆನ್ಸ್ ಏಜೆಂಟ್ ಬಂದ. ಆಮೇಲೆ ಯಾರು ಯಾರೋ. ಒಂದು ಬೆಳಿಗ್ಗೆ ಬಿಳಿ ಪಾವಿನ ಮೇಲೆ ಮೊಳದುದ್ದ ಹೊಗೆಯ ಕಪ್ಪು ಮೆತ್ತಿಕೊಂಡಿತ್ತು. ಯಾರ ಬೈಕಿನದು? ಯಾರಿಗೂ ಗೊತ್ತಾಗಲಿಲ್ಲ. ನನ್ನದಲ್ಲ ಎಂದೆ. ಕುಪ್ಪಣ್ಣ ತನ್ನದಲ್ಲ ಎಂದ. ನನ್ನದು ಅಲ್ಲವೇ ಅಲ್ಲ ಎಂದು ಆಣೆ ಮಾಡಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಹೊಗೆ ಬೈಕಿನ ಹಿಂದೆ ಬರುವಂಥದ್ದು, ನಾನು ಮುಂದೆ ನೋಡುವವನು.

ಪಾವಿನ ಒಡೆಯ ಚಿಕ್ಕಪ್ಪನಿಗೆ ಎಲ್ಲರೆದುರು ಹೇಳಿಬಿಟ್ಟ: "ಇನ್ನೊಂದು ಕಿತ ಇಂಗಾದ್ರೆ ನಾನು ಮಿಷಿನ್ನಿಗೆ ಕೊಟ್ಬುಡ್ತೀನಿ. ಅಲ್ಲಿ ಗಂಜಿ ಹಾಕಿ ಸುತ್ತಿ ಕೊಡ್ತಾರೆ, ಬೈಕೂ ಇಲ್ಲ, ಬಾಯೂ ಇಲ್ಲ." ಒಬ್ಬ ಮಿಷಿನ್ನಿಗೆ ಹೋದರೆ ಉಳಿದವರೂ ಹೋಗುತ್ತಾರೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಆ ರಾತ್ರಿ ಅವರು ಊಟಕ್ಕೆ ಕೂತು ಎಲೆಯ ಮೇಲೆ ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅವರ ದನಿಯಲ್ಲೇ ಉತ್ತರ ಕೊಡುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು.

ಚೌಡಮ್ಮನ ಗುಡಿಯ ಜಗಲಿಯಲ್ಲಿ ಬೀದಿ ಸೇರಿತು. ಬೀದಿಯ ಯಜಮಾನರು ಕಂಬಕ್ಕೆ ಒರಗಿ ಕೂತು ಶುರು ಮಾಡಿದರು. "ಪಾವು ಬಿದ್ದಾಗ ನಡುವೆ ಗಾಡಿ ಓಗ್ಬೋದಾ, ಬ್ಯಾಡ್ವಾ? ಒಬ್ಬೊಬ್ರೇ ಏಳಿ."

ಒಬ್ಬೊಬ್ಬರೇ ಎಂದರೆ ನಮ್ಮಲ್ಲಿ ಎಲ್ಲರೂ ಎಂದು ಅರ್ಥ. ಕುಪ್ಪಣ್ಣ ಹಾಲು ಒಡೆಯುತ್ತದೆ ಎಂದ. ಏಜೆಂಟ್ ಬೀದಿ ಪೊದು, ಎಲ್ಲರಿಗೂ ಸೇರಿದ್ದು ಎಂದ. ತಾಯಮ್ಮಕ್ಕ, "ಪೊದು ಅಂದ್ರೆ ನಿನ್ ಮನೆ ನಡುಮನೆಯಾಗೆ ಪಾವು ಆಕ್ತೀವಿ, ಅಲ್ಲೂ ಬೈಕ್ ಓಡ್ಸು" ಎಂದಳು. ಗದ್ದಲ ಏರಿತು. ಯಜಮಾನರು ಕೈ ಎತ್ತಿದರು.

"ಸೀನ ದಿನಾ ಮಲೆ ಏರಿ ಇಳಿಯೋನು. ಎಲ್ಲಾ ರೋಡೂ ನೋಡವ್ನೆ. ಅವ್ನು ಏಳ್ಲಿ."

ಎದ್ದು ನಿಂತೆ. ಮೊದಲು ಮೊದಲಾಳಿಯ ಮೂಗಿನಲ್ಲಿ, ಸಾಮಿ ಬಾಗಿಲು ತೆಗೆದಿದ್ದಾನೆ ಎಂದೆ. ಜಗಲಿ ನಕ್ಕಿತು. ಆಮೇಲೆ ಪೊಲೀಸಿನವರ ಮೀಸೆಯಿಂದ ಹೋಗಬೇಡ ಎಂದೆ, ಅದೇ ಮೀಸೆಯಿಂದ ಹೋಗು ಎಂದೆ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಆಮೇಲೆ ಘಾಟಿಯ ಕ್ಲೀನರ್ ಆಗಿ ಕೂಗಿದೆ, ಲಾರಿಯಾಗಿ ಕೆಮ್ಮಿದೆ. ಚಪ್ಪಾಳೆ ಬಿತ್ತು. ಚಿಕ್ಕಪ್ಪ ಮಾತ್ರ ನೆಲ ನೋಡುತ್ತಾ ಕೂತಿದ್ದರು.

ಯಜಮಾನರು ನಗು ನಿಲ್ಲುವವರೆಗೂ ಕಾದರು. "ಅವ್ರೆಲ್ಲಾ ಬಂದು ಓದ್ರು. ಸೀನ ಯಾವಾಗ ಬತ್ತಾನೆ?"

"ಗೊತ್ತಿಲ್ಲ ಯಜಮಾನ್ರೇ" ಎಂದೆ. ಅದು ನನ್ನದೇ ದನಿ. ಎಷ್ಟು ಸಣ್ಣಗೆ ಬಂತೆಂದರೆ ಅದನ್ನೂ ಯಾರದ್ದೋ ಮಿಮಿಕ್ರಿ ಎಂದುಕೊಂಡು ಹಿಂದಿನ ಸಾಲಿನವರು ಮತ್ತೊಮ್ಮೆ ನಕ್ಕರು.

ಕೊನೆಗೆ ಯಜಮಾನರೇ ಒಂದು ಪರೀಕ್ಷೆ ಹೇಳಿದರು. ನಾಳೆ ಎರಡು ಪಾವು ಹಾಸಲಿ. ಸೀನ ಪೂರಾ ಗಂಟು ಕಟ್ಟಿಕೊಂಡು ನಡುವೆ ಓಡಿಸಲಿ. ಎಳೆ ಅಲುಗಿದರೆ ಬೈಕು ಬಂದ್. ಅಲುಗದಿದ್ದರೆ, ಮೆಲ್ಲಗೆ ಹೋಗುವವರು ಹೋಗಬಹುದು. ಎಲ್ಲರೂ ಒಪ್ಪಿದರು. ಚಿಕ್ಕಪ್ಪನೂ ತಲೆಯಾಡಿಸಿದರು.

ಬೆಳಿಗ್ಗೆ ಇಡೀ ಬೀದಿ ಮೆಟ್ಟಿಲ ಮೇಲೆ ನಿಂತಿತ್ತು. ಎರಡು ಪಾವು ಬೆಳ್ಳಗೆ, ಬಿಗಿಯಾಗಿ, ಗಂಜಿ ಹಾಕುವ ಮೊದಲಿನ ಒಣ ನೂಲು. ನಾನು ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದು ಹೊರಟೆ. ನಾನು ಇಡೀ ಜೀವನದಲ್ಲಿ ಅಷ್ಟು ಚೆನ್ನಾಗಿ ಬೈಕು ಓಡಿಸಿದ್ದು ಅವತ್ತೊಂದೇ ದಿನ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಒಂದು ಎಳೆಯೂ ಅಲುಗಲಿಲ್ಲ. ಆ ತುದಿಯಲ್ಲಿ ಕಾಲೂರಿದಾಗ ಶಿಳ್ಳೆ ಬಿತ್ತು. ಯಜಮಾನರು ಬಗ್ಗಿ ನೂಲು ನೋಡಿ, "ಪಾಸು" ಎಂದರು. ಕುಪ್ಪಣ್ಣ ಬಂದು ನನ್ನನ್ನು ಅಪ್ಪಿಕೊಂಡ. ಅವನಿಗೂ ಪಾಸಾಗಿತ್ತಲ್ಲ.

ಮಾರನೆಯ ದಿನ ಅಪ್ಪಣೆ ಸಿಕ್ಕ ಗಂಡಸಿನ ಗತ್ತಿನಲ್ಲಿ ಬೀದಿಯ ಬಾಯಿಗೆ ಬಂದೆ. ಗಂಜಿ ಆಗಷ್ಟೇ ಬಿದ್ದಿತ್ತು, ಕುಂಚಗಳು ಓಡುತ್ತಿದ್ದವು. ಚಿಕ್ಕಪ್ಪ, ಅವರ ಜೊತೆಯವರು, ತಾಯಮ್ಮಕ್ಕ ಎಲ್ಲರೂ ಇದ್ದದ್ದು ಆ ಸಂದಿನಲ್ಲೇ. ಅಲ್ಲದೆ ಇನ್ನೆಲ್ಲಿ ಇರುತ್ತಾರೆ? ಒಳಬದಿ ಉಜ್ಜಬೇಕಾದರೆ ಅಲ್ಲೇ ನಿಲ್ಲಬೇಕು. ಇಷ್ಟು ದಿನ ನಾನು ಹಾರ್ನ್ ಹೊಡೆದರೆ ಅವರು ನೂಲಿನಡಿ ಬಗ್ಗಿಯೋ ಬದಿಗೆ ಸರಿದೋ ಹೇಗೋ ಜಾಗ ಮಾಡುತ್ತಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನನ್ನ ಕಣ್ಣು ಕಡ್ಡಿಯ ಮೇಲೆ.

ಅವತ್ತು ನನ್ನನ್ನು ನೋಡಿದ್ದೇ ಚಿಕ್ಕಪ್ಪ ಕೈ ಎತ್ತಿದರು. ಕುಂಚಗಳು ನಿಂತವು. ಎಲ್ಲರೂ ಸಂದಿನಿಂದ ಹೊರಬಂದು ಸಾಲಾಗಿ ಗೋಡೆಗೆ ಬೆನ್ನು ಹಚ್ಚಿ, ಗಂಜಿ ಸೋರುವ ಕುಂಚಗಳನ್ನು ಎದೆಗೆ ಹಿಡಿದು ನಿಂತರು. ಕಲೆಕ್ಟರ್ ಬಂದಾಗ ಸ್ಕೂಲಿನ ಮಕ್ಕಳು ನಿಲ್ಲುವಂತೆ.

"ಯಾಕೆ ಚಿಕ್ಕಪ್ಪ, ಎಲ್ಲಾರೂ ಓಗ್ ನಿಂತ್ರಿ?"

ಉತ್ತರ ತಾಯಮ್ಮಕ್ಕನಿಂದ ಬಂತು. "ನಿನ್ನೆ ಇಂಗೇ ತಾನೆ ನಿಂತಿದ್ದು? ನಾವು ನಿಂತಿದ್ದಕ್ಕೆ ತಾನೆ ನೀನು ಪಾಸಾಗಿದ್ದು? ಓಗಪ್ಪಾ, ಓಗು."

"ನೀವು ಕೆಲ್ಸ ಮಾಡಿ, ನಾನು ಆಮೇಲೆ..."

"ಯಜಮಾನ್ರು ಏಳವ್ರೆ. ಓಗ್ಲಾ!" ಎಂದರು ಚಿಕ್ಕಪ್ಪ. ಕೋಪದಲ್ಲಿ ಅಲ್ಲ, ಅವಸರದಲ್ಲಿ. "ನಿಂತ್ಕೊಂಡು ಯೋಚ್ನೆ ಮಾಡ್ಬ್ಯಾಡ. ಗಂಜಿ ಒಣಗ್ತೈತೆ!"

ಹೋದರೆ ಅವರ ಕೆಲಸ ನಿಲ್ಲುತ್ತದೆ. ಹೋಗದೆ ನಿಂತರೂ ಆಗಲೇ ನಿಂತಿದೆ. ನಿಂತಷ್ಟೂ ಒಣಗುತ್ತದೆ. ನಾನು ಹೋದೆ. ಎಳೆ ಅಲುಗಲಿಲ್ಲ. ತುದಿಯಲ್ಲಿ ಕನ್ನಡಿಯಲ್ಲಿ ನೋಡಿದೆ: ಅವರೆಲ್ಲ ಓಡಿಬಂದು ಕುಂಚ ಎಳೆಯುತ್ತಿದ್ದರು. ತಾಯಮ್ಮಕ್ಕ ಮಂಡಿಯೂರಿ, ಅಂಟಿಕೊಂಡ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದಳು.

ಅಲ್ಲಿಂದ ಮುಂದೆ ನಾನು ರೈಲ್ವೆ ಗೇಟಿನ ದಾರಿ ಹಿಡಿದೆ. ಇದನ್ನು ತ್ಯಾಗ ಎಂದು ಬರೆದುಕೊಳ್ಳಬೇಡಿ, ಅದರ ಫಲ ಕೇಳಿ. ಅದಿಯಮಾನ್‌ಕೋಟೆಯಲ್ಲಿ ಮುದುಕ ನೇಕಾರರೊಬ್ಬರು ಖಾಲಿ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ನಾನು ತಲುಪುವವರೆಗೂ ಅವರ ಮಗ್ಗಕ್ಕೆ ಕೆಲಸವಿಲ್ಲ. "ಏನಪ್ಪಾ ಸೀನಾ, ಸೇಲಮ್ಮು ಇತ್ತೀಚ್ಗೆ ದೂರ ಓಗೈತಾ?" ಎಂದು ಕೇಳುತ್ತಿದ್ದರು. ನಮ್ಮ ಬೀದಿಯವರು ನೇಕಾರರಾದರೆ ಅವರೇನು ಅಲ್ಲವೇ? ಗೇಟಿನ ಮುಂದೆ ನಿಂತ ಲಾರಿಗಳ ನಡುವೆ ನುಗ್ಗಿ ಒಂದಿಷ್ಟು ಹೊತ್ತು ಉಳಿಸುತ್ತಿದ್ದೆ. ಆ ಸಂದಿನಲ್ಲಿ ಕಡಲೆಕಾಯಿ ಮಾರುವ ಹೆಂಗಸರಿದ್ದರು. ಅವರೂ ಬುಟ್ಟಿ ಎತ್ತಿಕೊಂಡು ಸರಿಯುತ್ತಿದ್ದರು. ಈಗ ನನಗೆ ಅದು ಕಾಣುತ್ತಿತ್ತು, ಆದರೂ ನುಗ್ಗುತ್ತಿದ್ದೆ.

ಮೊದಲಾಳಿ ಕೆಲವು ತಿಂಗಳು ನೋಡಿದರು. ಬೈಯಲಿಲ್ಲ. ಒಂದು ವ್ಯಾನು ತಂದರು, ಅದಕ್ಕೊಬ್ಬ ಡ್ರೈವರನ್ನು ತಂದರು, ನನಗೆ ಟವೆಲ್ಲು ಹೊದಿಸಿದರು. ವ್ಯಾನು ಯಾವ ಸಂದಿನಲ್ಲೂ ಹೋಗುವುದಿಲ್ಲ. ಅದು ಹೋದಾಗೆಲ್ಲ ತಡವಾಗಿಯೇ ಹೋಗುತ್ತದೆ, ಆದರೆ ಒಂದೇ ಸಲಕ್ಕೆ ವಾರದ ನೂಲು ಒಯ್ಯುತ್ತದೆ. ಇದು ಮೊದಲೇ ಹೊಳೆದಿದ್ದರೆ ನಾವೆಲ್ಲ ಇಷ್ಟು ಯೋಚನೆ ಮಾಡಬೇಕಿರಲಿಲ್ಲ.

ಈಗ ನಾನು ಚಿಕ್ಕಪ್ಪನ ಗುಂಪಿನಲ್ಲಿ ಕುಂಚ ಹಿಡಿಯುತ್ತೇನೆ. ಪಾವಿನ ಒಳಬದಿ, ಸಂದಿನಲ್ಲೇ ನನ್ನ ಜಾಗ. ಮಿಷಿನ್ನಿಗೆ ಇನ್ನೂ ಎಲ್ಲರೂ ಹೋಗಿಲ್ಲ. ಹೋದವರು ವಾಪಸು ಬಂದೂ ಇಲ್ಲ. ಬೆಳಿಗ್ಗೆ ಗಂಜಿ ಬಿದ್ದ ಹೊತ್ತಿಗೆ ಸರಿಯಾಗಿ ಬೀದಿಯ ಬಾಯಲ್ಲಿ ಕುಪ್ಪಣ್ಣನ ಹಾರ್ನು ಕೇಳುತ್ತದೆ. ಅವನು ಮೆಲ್ಲಗೆ ಬರುತ್ತಾನೆ, ಚೆನ್ನಾಗಿ ಓಡಿಸುತ್ತಾನೆ, ಹಾಲು ಒಡೆಯುವ ಭಯ ಅವನಿಗೆ ನಿಜವಾಗಿಯೂ ಇದೆ. ತಾಯಮ್ಮಕ್ಕ ನನ್ನ ಮುಖ ನೋಡುತ್ತಾಳೆ.

"ಏನ್ಲಾ ಮಾಡಾದು? ನೀನೇ ಏಳು. ನಿಂಗೆ ತಾನೆ ಎರಡೂ ಕಡೇದು ಗೊತ್ತು?"

ಕೆಲವು ದಿನ ನಾನು ಕುಂಚ ಎತ್ತಿಕೊಂಡು ಗೋಡೆಗೆ ಒರಗುತ್ತೇನೆ. ಅವನು ದಾಟುತ್ತಾನೆ, ನಾನು ಓಡಿಬಂದು ಉಜ್ಜುತ್ತೇನೆ. ಇನ್ನು ಕೆಲವು ದಿನ ಸರಿಯುವುದಿಲ್ಲ. ಅವನು ಕ್ಯಾನುಗಳ ನಡುವೆ ಕಾಲೂರಿ ಕಾಯುತ್ತಾನೆ, ನಾನು ತಲೆ ಎತ್ತದೆ ಕುಂಚ ಎಳೆಯುತ್ತೇನೆ. ಯಾವ ದಿನ ಸರಿಯುತ್ತೇನೆ, ಯಾವ ದಿನ ಸರಿಯುವುದಿಲ್ಲ ಎಂಬುದಕ್ಕೆ ನನ್ನಲ್ಲಿ ನಿಯಮವಿಲ್ಲ. ಹಾರ್ನು ಕೇಳಿದಾಗ ನನ್ನ ಕಾಲು ಏನು ಮಾಡುತ್ತದೋ ಎಂದು ನಾನೂ ಅವನಷ್ಟೇ ಕಾತರದಿಂದ ನೋಡುತ್ತಿರುತ್ತೇನೆ.